ರುದ್ರೇಶ ಬಿಡಿಸಿದ ಅಡುಗೆಮನೆ

ತನ್ನಂಥ ಗಂಡ ಮಾಗಡಿ ರೋಡಿನ ಈ ತುದಿಯಿಂದ ಆ ತುದಿಯವರೆಗೆ ಹುಡುಕಿದರೂ ಸಿಗಲಾರ ಎಂಬುದರಲ್ಲಿ ರುದ್ರೇಶನಿಗೆ ಸಂಶಯವೇ ಇರಲಿಲ್ಲ. ಸಂಶಯವಿದ್ದವಳು ಹೆಂಡತಿ ಶೈಲಾ ಒಬ್ಬಳೇ. ಅವಳನ್ನು ಯಾರೂ ಕೇಳಿರಲಿಲ್ಲ.

ಆ ಭಾನುವಾರ ಅನ್ನಪೂರ್ಣೇಶ್ವರಿ ನಗರದ ಅವರ ಮನೆಗೆ, ಶೈಲಾಳ ತಂಗಿ ಮಾನಸಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಹೊಸಹಳ್ಳಿಯಲ್ಲಿ ಬಾಡಿಗೆಗಿದ್ದ ವೀರೇಶ, ಜೊತೆಗೆ ಅವನ ತಾಯಿ ಬಸವರಾಜೇಶ್ವರಿ. ಉಪ್ಪಿಟ್ಟು ಮುಗಿಯಿತು, ಮಾತೂ ಮುಗಿಯಿತು. ಎಲ್ಲರೂ ಫ್ಯಾನು ನೋಡುತ್ತ ಕುಳಿತಾಗ ರುದ್ರೇಶ ಎದ್ದು, ಶೈಲಾ ಟ್ಯೂಷನ್ ಹೇಳುವ ವೈಟ್‌ಬೋರ್ಡನ್ನು ನಡುಮನೆಗೆ ಎಳೆದು ತಂದ.

“ಚೀಟಿ ಎತ್ತೋದು, ಚಿತ್ರ ಬರೆಯೋದು, ಉಳಿದವರು ಊಹಿಸೋದು. ಮನುಷ್ಯರ ಬಂಡವಾಳ ಹತ್ತೇ ನಿಮಿಷದಲ್ಲಿ ಹೊರಗೆ ಬರುತ್ತೆ,” ಎಂದು ಘೋಷಿಸಿದ. ಯಾರ ಬಂಡವಾಳ ಎಂದು ಹೇಳಲಿಲ್ಲ.

ಚೀಟಿ ಬರೆದವಳು ಶೈಲಾ. ಮೊದಲ ಚೀಟಿಯನ್ನು ರುದ್ರೇಶನೇ ಎತ್ತಿದ. ‘ಈ ಮನೆಯ ಅಡುಗೆಮನೆ’ ಎಂದಿತ್ತು. ಅವನಿಗೆ ನಗು ಬಂತು. ಅರ್ಧ ಗಂಟೆಯ ಹಿಂದಷ್ಟೇ ಬಸವರಾಜೇಶ್ವರಿಯವರ ಮುಂದೆ, “ನಮ್ಮನೇಲಿ ಅಡುಗೆ ಕೆಲಸ ಫಿಫ್ಟಿ ಫಿಫ್ಟಿ ಅಮ್ಮಾ,” ಎಂದು ಭಾಷಣ ಬಿಗಿದಿದ್ದ.

ಒಂದು ಚೌಕ ಎಳೆದು ಎರಡು ಸೊನ್ನೆ ಸುತ್ತಿದ. ಅದು ಗ್ಯಾಸ್ ಒಲೆ.

“ಬಸ್ಸು,” ಎಂದರು ಮಾವ ಜಂಬಣ್ಣ.

ರುದ್ರೇಶ ತಲೆಯಲ್ಲಾಡಿಸಿ ಪಕ್ಕದಲ್ಲೊಂದು ಸಿಲಿಂಡರ್ ಬರೆದ.

“ಕಂಡಕ್ಟರು.”

ಸಿಂಕ್ ಬರೆದರೆ ತಿಳಿದೀತು ಎಂದುಕೊಂಡ. ಆದರೆ ಸಿಂಕು ಇರುವುದು ಕಿಟಕಿಯ ಕೆಳಗೋ, ಬಾಗಿಲ ಪಕ್ಕವೋ? ಹನ್ನೊಂದು ವರ್ಷದಿಂದ ಅವನ ತಟ್ಟೆ ಊಟದ ಮೇಜಿನಿಂದ ತಾನಾಗಿ ಎದ್ದು ಹೋಗುತ್ತಿತ್ತು. ಎಲ್ಲಿಗೆಂದು ಅವನು ವಿಚಾರಿಸಿರಲಿಲ್ಲ. ಅಂದಾಜಿನಲ್ಲಿ ನಟ್ಟನಡುವೆ ಒಂದು ಹೊಂಡ ತೋಡಿ, ಮೇಲೊಂದು ನಲ್ಲಿ ನಿಲ್ಲಿಸಿದ.

“ಮಠದ ಕಲ್ಯಾಣಿ ಇರಬಹುದಾ?” ಎಂದರು ಬಸವರಾಜೇಶ್ವರಿ, ಮರ್ಯಾದೆಗೆ.

“ನಮ್ಮ ಅಡುಗೆಮನೆ,” ಎಂದು ರುದ್ರೇಶ ಸಿಡುಕಿದ.

ಮಾನಸ ಬೋರ್ಡನ್ನೇ ನೋಡಿದಳು. “ಭಾವ, ನಿಮ್ಮನೇಲಿ ಸಿಂಕ್ ಮಧ್ಯದಲ್ಲಿದೆಯಾ?”

“ಅದು ಮಾಡರ್ನ್ ಆರ್ಟು ಕಣಮ್ಮ.”

“ಅಡುಗೆಮನೇಲಿ ನಲ್ಲಿ ಇರುತ್ತೆ ಅಂತಾದ್ರೂ ಗೊತ್ತಲ್ಲ, ಬಿಡೇ,” ಎಂದಳು ಶೈಲಾ.

ಮಾನಸ ಭಾವನ ಕೈಯಿಂದ ಮಾರ್ಕರ್ ಇಸಿದುಕೊಂಡು ನೇರವಾಗಿ ವೀರೇಶನಿಗೆ ಕೊಟ್ಟಳು. ಅವನೊಡನೆ ಅವಳಾಡಿದ ಮೊದಲ ಮಾತು ಅದು: “ನೀವು ನಿಮ್ಮ ಅಡುಗೆಮನೆ ಬರೀರಿ.”

ವೀರೇಶ ಎದ್ದು ಬೋರ್ಡಿನ ಖಾಲಿ ಬದಿಯಲ್ಲಿ ಬರೆಯತೊಡಗಿದ. ಗೆರೆಗಳು ರುದ್ರೇಶನ ಗೆರೆಗಳಿಗಿಂತ ಸೊಟ್ಟಗಿದ್ದವು. ಒಂದೇ ಒಲೆ, ಕುಕ್ಕರು, ಕಿಟಕಿಯ ಸರಳಿಗೆ ಸಿಕ್ಕಿಸಿದ ಸೌಟು, ಮೂಲೆಯಲ್ಲಿ ಸಿಂಕು, ಅದರ ಕೆಳಗೊಂದು ಬಕೆಟ್.

“ಬಕೆಟ್ ಯಾಕೆ?” ಎಂದಳು ಮಾನಸ.

“ಪೈಪ್ ಸೋರುತ್ತೆ. ನಾಲ್ಕು ಪಾತ್ರೆ ತೊಳೆಯೋಷ್ಟರಲ್ಲಿ ತುಂಬಿಬಿಡುತ್ತೆ. ಓನರ್‌ಗೆ ಹೇಳಿ ಹೇಳಿ ಸಾಕಾಯ್ತು.”

ಮಾನಸ ಶೈಲಾಳ ಕಡೆ ತಿರುಗಿದಳು. “ಅಕ್ಕ, ನಂಗೆ ಒಪ್ಪಿಗೆ.”

ಒಂದೇ ವರ್ಷದಲ್ಲಿ ಐದು ಗಂಡುಗಳನ್ನು ಬೇಡವೆಂದಿದ್ದ ಹುಡುಗಿ. ಜಂಬಣ್ಣನವರು ಕಣ್ಣೊರೆಸಿಕೊಂಡು ಹಿರಿಯಳಿಯನ ಕೈ ಹಿಡಿದರು. “ನಿಮ್ಮ ಚಿತ್ರ ನೋಡದೇ ಇದ್ದಿದ್ರೆ ಇವಳು ಇವತ್ತೂ ಒಪ್ತಿರ್ಲಿಲ್ಲ, ಅಳಿಯಂದ್ರೆ.”

ಇದು ಹೊಗಳಿಕೆಯೋ ಏನೋ ಎಂದು ರುದ್ರೇಶ ಲೆಕ್ಕ ಹಾಕುವಷ್ಟರಲ್ಲಿ ಶೈಲಾ, “ರೀ, ಎಲ್ಲರ ಬಾಯಿ ಸಿಹಿ ಮಾಡೋಣ, ಒಳಗಿಂದ ಸಕ್ಕರೆ ತನ್ನಿ,” ಎಂದಳು.

ರುದ್ರೇಶ ಒಳಗೆ ಹೋದ. ಶೆಲ್ಫಿನ ತುಂಬ ಒಂದೇ ಅಳತೆಯ ಡಬ್ಬಿಗಳು. ಮುಚ್ಚಳ ತೆಗೆದ, ರವೆ. ಇನ್ನೊಂದು ತೆಗೆದ, ಮೆಂತ್ಯ. ಮೂರನೆಯದರಲ್ಲಿ ಬೆರಳಿಟ್ಟು ಚೀಪಿ ಮುಖ ಕಿವುಚಿದ. ಹತ್ತು ನಿಮಿಷವಾದರೂ ಸಕ್ಕರೆ ಬಾರದೆ, ವೀರೇಶ ನೀರಿನ ನೆಪದಲ್ಲಿ ಒಳಗೆ ಬಂದು, ಎರಡನೆಯ ಸಾಲಿನಿಂದ ಒಂದು ಡಬ್ಬಿ ಎತ್ತಿಕೊಟ್ಟ.

“ಇಲ್ಲಿದೆ ಅಣ್ಣ.”

“ಮೊದಲ ಸಲ ಬಂದಿದೀರ. ನಿಮಗೆ ಹೆಂಗ್ ಗೊತ್ತಾಯ್ತು?”

ವೀರೇಶ ಸಂಕೋಚದಿಂದ ಡಬ್ಬಿಯನ್ನು ಅವನ ಕಡೆಗೆ ತಿರುಗಿಸಿದ. ಶೈಲಾಳ ದುಂಡಗಿನ ಅಕ್ಷರ.

“ಎಲ್ಲದರ ಮೇಲೂ ಬರೆದಿದೆ, ಅಣ್ಣ.”