ಎಮ್ಮೆಗೆ ಬಾತ್‌ಟಬ್, ಓಣಿಗೆ ಪಿಯಾನೋ

ಎಮ್ಮೆಗೆ ಬಾತ್‌ಟಬ್ ಕಟ್ಟಿಸಿಕೊಟ್ಟ ಹೆಂಗಸು ಈ ಭೂಮಿಯ ಮೇಲೆ ಯಾರಾದರೂ ಇದ್ದರೆ ಅದು ನಮ್ಮ ಚಿಗವ್ವ! ನೀವು ನಂಬುವುದಿಲ್ಲ, ಗೊತ್ತು. ಅಳವಂಡಿಗೆ ಹೋಗಿ ನೋಡಿ ಬನ್ನಿ. ಅಲ್ಲಿಯ ಒಂದು ದನದ ಮನೆಯಲ್ಲಿ ಮೇವು ಹಾಕುವ ಗೋದಲಿ ಮೊಟ್ಟೆಯಾಕಾರದಲ್ಲಿದೆ. ಒಂದು ತುದಿಯಂತೂ ತಲೆಯಾನಿಸಿ ಮಲಗಲು ಅನುಕೂಲವಾಗುವಂತೆ ಇಳಿಜಾರಾಗಿದೆ. ಎಮ್ಮೆ ಮಾತ್ರ ಇದುವರೆಗೆ ಮಲಗಿಲ್ಲ, ಮರ್ಯಾದೆಯಿಂದ ಹೊರಗೆ ನಿಂತೇ ಮೇಯುತ್ತದೆ.

ಚಿಗವ್ವ ಅಂದರೆ ನಮ್ಮವ್ವನ ಬೆನ್ನಿಗೆ ಬಿದ್ದ ತಂಗಿ. ಓದಿದ್ದು ಹತ್ತನೆಯ ತರಗತಿ, ಅದೂ ಕನ್ನಡದಲ್ಲಿ. ಕೊಟ್ಟದ್ದು ಗಂಗಾವತಿಗೆ; ಗಂಡನದು ಸಿಮೆಂಟು, ಕಬ್ಬಿಣದ ಅಂಗಡಿ. 1997ರ ಸುಮಾರಿಗೆ ಅಂಗಡಿಯ ಎದುರಿಗೇ ಒಂದು ಕಂಪ್ಯೂಟರ್ ಕ್ಲಾಸು ತೆರೆಯಿತು. ಲಂಗ ದಾವಣಿಯ ಹುಡುಗಿಯರೆಲ್ಲ ಟೈಪಿಂಗ್ ಕಲಿಯಲು ಸೇರಿದರೆ, ಎರಡು ಮಕ್ಕಳ ತಾಯಿಯಾದ ಈಕೆ ಹೋಗಿ "ನನಗ ಮನಿ ಬರಿಯೂದು ಕಲಸ್ರಿ" ಎಂದು ಕುಳಿತಳು. ಚಿಗಪ್ಪ ಬೇಡ ಅನ್ನಲಿಲ್ಲ. ಅಂದರೆ ಏನಾಗುತ್ತದೆಂದು ಅವರಿಗೆ ಮದುವೆಯಾದ ವಾರದಲ್ಲೇ ತಿಳಿದಿತ್ತು. ಕಡೆಗೆ ಅವರೇ ಹುಬ್ಬಳ್ಳಿಗೆ ಹೋಗಿ, ಯಾರೋ ಬಳಸಿ ಬಿಟ್ಟ ಕಂಪ್ಯೂಟರ್ ಒಂದನ್ನು ತಂದು ಸಿಮೆಂಟು ಚೀಲಗಳ ಪಕ್ಕ ಇಟ್ಟುಕೊಟ್ಟರು. ಸಿಮೆಂಟು ಕೊಂಡವರಿಗೆ ಮನೆಯ ನಕಾಶೆ ಪುಕ್ಕಟೆ!

ಆ ಕಂಪ್ಯೂಟರಿನೊಳಗಿದ್ದ ನಕಾಶೆಯ ಸಾಫ್ಟ್‌ವೇರ್ ಯಾವುದೋ ಹಿಮ ಬೀಳುವ ದೇಶದ್ದು. ಮನೆಯೊಳಗೆ ಇಡುವ ಸಾಮಾನುಗಳ ಚಿತ್ರಗಳು ಅದರಲ್ಲಿ ಸಾಲಾಗಿ ಇದ್ದವು. ಆದರೆ ಏನೇನು? ಬಾತ್‌ಟಬ್, ಚಳಿ ಕಾಯಿಸುವ ಬೆಂಕಿಗೂಡು, ಪಿಯಾನೋ, ನಾಯಿಗೂಡು. ನಮಗೆ ಬೇಕಾದ ಗೋದಲಿ ಇಲ್ಲ, ಒಲೆ ಇಲ್ಲ, ಬಾಗಿಲ ಮುಂದಿನ ಕಟ್ಟೆ ಇಲ್ಲ. ಚಿಗವ್ವ ಹೆದರುವವಳೇ? ಬೆಂಕಿಗೂಡನ್ನು ಒಲೆ ಮಾಡಿದಳು. ಮಂಚದ ದಿಂಬು ತೆಗೆದು ಕಟ್ಟೆ ಮಾಡಿದಳು. ಬಾತ್‌ಟಬ್ಬನ್ನು ಗೋದಲಿ ಮಾಡಿದಳು. ದೇವರ ಮನೆಗೆ ಏನನ್ನಿಟ್ಟಳೆಂದು ನಾನು ಹೇಳುವುದಿಲ್ಲ, ಆ ಮನೆಯವರು ಇನ್ನೂ ಭಕ್ತಿಯಿಂದ ಪೂಜೆ ಮಾಡುತ್ತಿದ್ದಾರೆ.

ಅಳವಂಡಿಯ ಗೌಂಡಿಯದು ತಪ್ಪಿಲ್ಲ. ಪಾಪ, ನಕಾಶೆಯಲ್ಲಿ ಕಂಡದ್ದನ್ನು ಕಂಡ ಹಾಗೆ ಕಟ್ಟಿದ್ದ. ಊರವರು ನೋಡಿ ನಕ್ಕಾಗ ಚಿಗವ್ವ ಅಲ್ಲೇ ನಿಂತು ದಬಾಯಿಸಿದಳು: "ನಗೂದೇನೈತ್ರಿ? ಮೂಲಿನ ಇಲ್ಲದ ಗ್ವಾದಲಿ ಇದು. ಮೂಲ್ಯಾಗ ಮೇವು ಕೂತು ಕೊಳಿಯಂಗಿಲ್ಲ!" ಮರುವರ್ಷ ಪಕ್ಕದ ಮನೆಯವರೂ ಅಂಥದ್ದೇ ಕಟ್ಟಿಸಿದರು.

ಮಾಳಿಗೆಯದು ಇನ್ನೊಂದು ಕಥೆ. ಗೋಡೆ ಬರೆದು ಮುಗಿಸಿದರೆ ಸಾಕು, ಆ ಸಾಫ್ಟ್‌ವೇರ್ ತಾನೇ ಮೇಲೆ ಒಂದು ಚೂಪು ಚಾವಣಿ ಕೂರಿಸಿ, ಅದಕ್ಕೊಂದು ಹೊಗೆಗೂಡು ಸಿಕ್ಕಿಸುತ್ತಿತ್ತು. ನಮ್ಮ ಯಲಬುರ್ಗಾ ಕಡೆಯ ಬಿಸಿಲಿಗೆ ಹಿಮ ಜಾರುವ ಚಾವಣಿ! ಅದನ್ನು ತೆಗೆಯುವ ಗುಂಡಿ ಎಲ್ಲಿದೆಯೆಂದು ತಿಂಗಳುಗಟ್ಟಲೆ ಹುಡುಕಿದಳು, ಸಿಗಲಿಲ್ಲ. ಕೊನೆಗೆ ಹಾಗೆಯೇ ಪ್ರಿಂಟು ತೆಗೆದು, ಗೋಡೆ ಮುಗಿಯುವ ಕಡೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಗಿರಾಕಿಗಳಿಗೆ ಕೊಟ್ಟು ಹೇಳುತ್ತಿದ್ದಳು: "ಇಲ್ಲಿಗೆ ಹಾಳಿ ಹಿಂದಕ್ಕ ಮಡಚ್ರಿ. ಆತಲ್ರಿ, ಸ್ಲ್ಯಾಬ್ ಬಿತ್ತು!"

ಒಮ್ಮೆ ನಾನು ಅಂಗಡಿಗೆ ಹೋದಾಗ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಕೆಂಪು ಅಕ್ಷರಗಳು ಮೂಡಿದ್ದವು.

"ಏನಂತೈತಿ ಚಿಗವ್ವ ಅದು?"

"ಆಗಂಗಿಲ್ಲ ಅಂತೈತಿ."

"ಮತ್ತ ನೀ ಏನ್ ಮಾಡಾಕತ್ತಿ?"

"ಯಾಕಾಗಂಗಿಲ್ಲ ಅಂತ ಕೇಳಾಕತ್ತೀನಿ!"

ಹೀಗೆ ಹೇಳುತ್ತಲೇ ಓಕೆ ಗುಂಡಿಯನ್ನು ಒತ್ತುತ್ತಿದ್ದಳು. ಅದು ಮತ್ತೆ ಆಗುವುದಿಲ್ಲ ಅನ್ನುತ್ತಿತ್ತು, ಇವಳು ಮತ್ತೆ ಒತ್ತುತ್ತಿದ್ದಳು. ಇವರಿಬ್ಬರಲ್ಲಿ ಮೊದಲು ಸುಸ್ತಾಗುವುದು ಯಾವಾಗಲೂ ಕಂಪ್ಯೂಟರೇ. ಅದು ಆರಿಹೋದ ಮೇಲೆ ಚಿಗವ್ವ ಎದ್ದು ಚಹಾ ಮಾಡಿಕೊಂಡು ಕುಡಿದು ಬಂದು, ಬೇರೆ ದಾರಿ ಹುಡುಕುತ್ತಿದ್ದಳು.

ಅಷ್ಟು ದಿನ ಇದೆಲ್ಲ ನನಗೆ ನಗೆಯ ಮಾತಾಗಿತ್ತು. ಆಮೇಲೆ ಅವ್ವನಿಗೆ ಲಕ್ವಾ ಹೊಡೆಯಿತು.

ಅವ್ವ ಕುಷ್ಟಗಿಯಲ್ಲಿ ನನ್ನ ಜೊತೆಗಿದ್ದಳು. ನಾನು ಅಲ್ಲಿ ಶಾಲೆಯಲ್ಲಿ ಶಿಕ್ಷಕಿ. ಅವ್ವನ ಮಾತು ಉಳಿಯಿತು, ಬಲಗೈ ಬಲಗಾಲು ಉಳಿದವು, ಎಡಭಾಗ ಮಾತ್ರ ಮಾತು ಕೇಳದಾಯಿತು. ಕೋಲು ಕೊಟ್ಟೆವು. ಅದು ಜಾರಿ ಒಮ್ಮೆ ಬಿದ್ದಳು. ಮತ್ತೆ ಮುಟ್ಟಲಿಲ್ಲ. ಬಚ್ಚಲಿಗೆ ಹೋಗಬೇಕಾದರೆ ನನ್ನನ್ನು ಕರೆಯಬೇಕು, ಕರೆಯುವುದು ಅವಳಿಗೆ ಸಾಯುವಷ್ಟು ನಾಚಿಕೆ. ಅದಕ್ಕೆಂದು ನೀರು ಕುಡಿಯುವುದನ್ನೇ ಕಡಿಮೆ ಮಾಡಿದಳು. ಬೇಸಿಗೆಯಲ್ಲಿ ಅವಳ ತುಟಿ ಒಡೆದದ್ದನ್ನು ನೋಡಿ ನಾನು ಎಷ್ಟು ಬೈದರೂ ಒಂದು ಗುಟುಕೂ ಹೆಚ್ಚು ಕುಡಿಯಲಿಲ್ಲ.

ಅದೇ ಹೊತ್ತಿಗೆ ನಾವು ಸ್ವಂತ ಮನೆ ಕಟ್ಟಿಸಲು ಹೊರಟಿದ್ದೆವು. ನಾನು ಕೋಣೆಯೊಳಗೇ ಬಚ್ಚಲು ಮಾಡಿಸೋಣ ಅಂದೆ. ಅವ್ವ ಕಿಡಿಕಿಡಿಯಾದಳು. "ಮಲಗೂ ಖೋಲ್ಯಾಗ ಪಾಯಖಾನಿ? ಛೀ, ನಾ ಒಳಗ ಕಾಲಿಡಂಗಿಲ್ಲ!" ಹಿತ್ತಲ ಕಡೆಗೇ ಆಗಬೇಕು, ಬೇರೆ ಮಾತೇ ಇಲ್ಲ.

ಚಿಗವ್ವ ಬಸ್ಸು ಹತ್ತಿ ಬಂದಳು. ಅಕ್ಕನನ್ನು ಎಬ್ಬಿಸಿ ನಡೆಸಿ ನೋಡಿದಳು. ಬಲಗೈಯನ್ನು ಗೋಡೆಗೆ ಹಚ್ಚಿಕೊಂಡರೆ ಅವ್ವ ಒಬ್ಬಳೇ ನಾಲ್ಕಾರು ಹೆಜ್ಜೆ ಇಡುತ್ತಿದ್ದಳು. ಆದರೆ ತಿರುಗಿ ಬರುವಾಗ ಅದೇ ಗೋಡೆ ಎಡಕ್ಕಾಗುತ್ತದಲ್ಲ! ಎಡಗೈಗೆ ಗೋಡೆ ಇದ್ದರೆಷ್ಟು, ಬಿಟ್ಟರೆಷ್ಟು?

"ಹಂಗಾದ್ರ ಎರಡ ಗ್ವಾಡಿ ಬೇಕು," ಅಂದಳು ಚಿಗವ್ವ. "ಹೋಗಾಕೊಂದು, ಬರಾಕೊಂದು. ನಡುವ ಖೋಲಿಯಿಂದ ಹಿತ್ತಲ ಬಚ್ಚಲತನಕ ಮೂರು ಫೂಟಿನ ಓಣಿ. ಓಣ್ಯಾಗ ಒಂದ ಬಾಗಲಾನೂ ಇರಬಾರದು, ಕೈ ಜಾರೂ ಜಾಗಾನ ಸಿಗಬಾರದು."

ನಮ್ಮ ಯಜಮಾನರು ಗಾಬರಿಯಾದರು. ಓಣಿಯ ಆಚೆ ಪಡಸಾಲೆ, ಈಚೆ ಅಡುಗೆಮನೆ, ನಡುವೆ ಬಾಗಿಲೇ ಇಲ್ಲ! "ಅತ್ತಿಯಾರ, ಒಂದು ಕಪ್ ಚಾ ಬೇಕಂದ್ರ ನಾ ಊರು ಸುತ್ತಿ ಬರಬೇಕೇನ್ರಿ?"

"ಸುತ್ರಲ್ಲ ಅಳಿಯಂದ್ರ, ಹೊಟ್ಟಿ ಕರಗತೈತಿ!"

ಅಳಿಯ ಒಪ್ಪಿದರು. ಸಾಫ್ಟ್‌ವೇರ್ ಒಪ್ಪಬೇಕಲ್ಲ? ಎರಡು ಗೋಡೆ ಅಷ್ಟು ಹತ್ತಿರ ಬಂದರೆ ಅದು ಕೈ ತಪ್ಪಿ ಎರಡು ಸಲ ಎಳೆದಿದ್ದಾರೆಂದು ತಿಳಿದು, ಎರಡನ್ನೂ ಕೂಡಿಸಿ ಒಂದು ಮಾಡುತ್ತಿತ್ತು. ಚಿಗವ್ವ ಎಳೆದಳು, ಅದು ಕೂಡಿಸಿತು. ಮತ್ತೆ ಎಳೆದಳು, ಮತ್ತೆ ಕೂಡಿಸಿತು. "ನಮ್ಮಕ್ಕನ ದಾರಿ ನುಂಗಾಕತ್ತೈತಿ ನೋಡ ಇದು!" ಎಂದು ಅವಳು ಫೋನಿನಲ್ಲಿ ಹೇಳಿದಾಗ ದನಿಯಲ್ಲಿ ನಗೆಯಿರಲಿಲ್ಲ. ವಾರ ಕಳೆದ ಮೇಲೆ ಮತ್ತೆ ಫೋನು ಬಂತು. ಈ ಸಲ ಕಿವಿ ಕಿತ್ತು ಹೋಗುವಂಥ ದನಿ. ಎರಡು ಗೋಡೆಗಳ ನಡುವೆ ಸಾಮಾನು ಇಟ್ಟರೆ ಸಾಫ್ಟ್‌ವೇರ್ ಗೋಡೆ ಕೂಡಿಸುತ್ತಿರಲಿಲ್ಲವಂತೆ. ಯಾವ ಸಾಮಾನು ಗಟ್ಟಿಯಾಗಿ ನಿಲ್ಲುತ್ತದೆಂದು ಒಂದೊಂದೇ ಇಟ್ಟು ನೋಡಿದ್ದಳು. ಕುರ್ಚಿ ನಿಲ್ಲಲಿಲ್ಲ, ಮೇಜು ನಿಲ್ಲಲಿಲ್ಲ. ಪಿಯಾನೋ ನಿಂತಿತು! ಓಣಿಯ ಉದ್ದಕ್ಕೂ ನಾಲ್ಕು ಪಿಯಾನೋ ನಿಲ್ಲಿಸಿದ್ದಳು.

ನಕಾಶೆ ತೋರಿಸಲು ಅವ್ವನನ್ನು ಜೀಪಿನಲ್ಲಿ ಗಂಗಾವತಿಗೇ ಕರೆಸಿಕೊಂಡಳು. ಬರೆದ ಮನೆಯೊಳಗೆ ಒಬ್ಬ ಮನುಷ್ಯನನ್ನು ನಡೆಸಿ ತೋರಿಸುವ ಸೌಕರ್ಯ ಆ ಸಾಫ್ಟ್‌ವೇರಿನಲ್ಲಿತ್ತು. ಮನುಷ್ಯ ಅಂದರೆ ಸೂಟು ಬೂಟು ಹಾಕಿ ಟೊಪ್ಪಿಗೆ ಇಟ್ಟ ಒಬ್ಬ ಬಿಳಿ ಸಾಹೇಬ. ಸೀರೆ ಉಟ್ಟವರು ಅದರಲ್ಲಿರಲಿಲ್ಲ.

"ಈ ಟೊಪಗಿಯಾಂವ ಯಾರ?" ಅವ್ವ ಕೇಳಿದಳು.

"ಅಂವ ನೀನ ಯಕ್ಕಾ. ಬಚ್ಚಲಕ ಹೊಂಟೀದಿ."

"ಬಚ್ಚಲಕ ಹೋಗಾಕ ಟೊಪಗಿ ಯಾಕಬೇ ನನಗ?"

ಹೀಗೆ ಕೇಳಿ ಅವ್ವ ನಕ್ಕಳು. ಕಾಯಿಲೆ ಬಿದ್ದ ಮೇಲೆ ಹಾಗೆ ಹೊಟ್ಟೆ ತುಂಬ ನಕ್ಕದ್ದು ಅಂದೇ. ಸಾಹೇಬ ಪಿಯಾನೋಗಳ ಮೈಯೊಳಗಿಂದಲೇ ತೂರಿಕೊಂಡು ಬಚ್ಚಲು ಮುಟ್ಟಿ ಬಂದ.

ಪಾಯ ಹಾಕುವ ದಿನ ಚಿಗವ್ವನೂ ಕುಷ್ಟಗಿಗೆ ಬಂದಿದ್ದಳು. ನಮ್ಮ ಗೌಂಡಿ ನಕಾಶೆ ಹಿಡಿದು ಅವಳೆದುರು ತಲೆ ಕೆರೆದುಕೊಂಡ. "ಅಕ್ಕಾರ, ಈ ನಾಕು ದೊಡ್ಡ ಪೆಟ್ಟಿಗಿ ಏನ್ರಿ?"

"ಅವು ಗ್ವಾಡಿ ಕೂಡಬಾರದಂತ ಇಟ್ಟಿದ್ದು."

"ನಾ ಕಟ್ಟಿದ್ದೂ ಕೂಡತಾವೇನ್ರಿ?"

"ಕೂಡಿದ್ರ ನಿನ್ನ ನಡುವ ನಿಲ್ಲಸ್ತೀನಿ!" ಅಂದಳು ಚಿಗವ್ವ. ಅವನು ಎರಡು ಗೋಡೆಗಳನ್ನೂ ನೂಲು ಹಿಡಿದ ಹಾಗೆ ಕಟ್ಟಿದ.

ಗೃಹಪ್ರವೇಶಕ್ಕೆ ಅವ್ವನ ತವರಾದ ಅಳವಂಡಿಯಿಂದ ಬಳಗವೆಲ್ಲ ಬಂದಿತ್ತು. ಚಿಗವ್ವ ಇಳಕಲ್ ಸೀರೆ ಉಟ್ಟು, ಬಂದವರನ್ನೆಲ್ಲ ಎಳೆದೊಯ್ದು ಓಣಿ ತೋರಿಸುತ್ತಿದ್ದಳು. ಇಂಥವಳು ನಮ್ಮ ಚಿಗವ್ವ ಎಂದು ನಾನೂ ಎಲ್ಲರ ಮುಂದೆ ಮೆರೆದೆ. ಅವಳ ಬಾಯಿಗೆ ಬಿಡುವೇ ಇರಲಿಲ್ಲ. ಅಷ್ಟರಲ್ಲಿ ಅವ್ವ ಮಂಚದಿಂದ ಎದ್ದಳು. ನಾನು ರೂಢಿಯಂತೆ ತೋಳು ಹಿಡಿಯಲು ಓಡಿದೆ. ಚಿಗವ್ವ ನನ್ನ ಸೆರಗು ಹಿಡಿದು ಹಿಂದಕ್ಕೆಳೆದಳು.

ಅವ್ವ ಬಲಗೈಯನ್ನು ಗೋಡೆಗೆ ಹಚ್ಚಿದಳು. ಎಡಗಾಲು ಎಳೆಯುತ್ತ, ನಿಂತು, ಮತ್ತೆ ಎಳೆಯುತ್ತ ಓಣಿಯ ತುದಿಗೆ ಹೋದಳು. ಬಾಗಿಲು ಮುಚ್ಚಿತು. ಆಮೇಲೆ ಒಳಗಿನಿಂದ ಚಿಲಕ ಹಾಕಿದ ಸದ್ದು ಕೇಳಿತು.

ಲಕ್ವಾ ಹೊಡೆದಾಗಿನಿಂದ ಅವ್ವನ ಬಚ್ಚಲಿಗೆ ಚಿಲಕ ಬಿದ್ದಿರಲಿಲ್ಲ. ಹೇಗೆ ಬೀಳಬೇಕು? ಅವಳ ಜೊತೆಗೆ ಯಾವಾಗಲೂ ನಾನಿರುತ್ತಿದ್ದೆ. ಆ ಚಿಲಕವನ್ನು ಅವ್ವನ ಸೊಂಟದ ಮಟ್ಟಕ್ಕೆ, ಬಲಗೈಗೆ ಸಿಗುವಂತೆ ಹಾಕಿಸಿದ್ದು ಚಿಗವ್ವ. ಯಾರಿಗೂ ಹೇಳಿರಲಿಲ್ಲ.

"ಕೇಳಿದ್ರೇನ್ರಿ ಎಲ್ಲಾರೂ? ನಮ್ಮಕ್ಕ ಚಿಲಕ ಹಾಕ್ಯಾಳ!" ಚಿಗವ್ವ ಕೂಗಿದ ಕೂಗಿಗೆ ಪಡಸಾಲೆಯಲ್ಲಿ ಮಂತ್ರ ಹೇಳುತ್ತಿದ್ದ ಅಯ್ಯನವರೂ ನಿಲ್ಲಿಸಿದರು. ಅವಳ ಕಣ್ಣಿಂದ ನೀರು ಬಳಬಳ ಇಳಿಯುತ್ತಿತ್ತು.

ಒಳಗಿನಿಂದ ಅವ್ವ ಗದರಿದಳು: "ಏ, ಬಾಗಲಾಗ ಯಾಕ ನಿಂತೀರಿ? ನಾಚಿಕಿಲ್ಲೇನ ನಿಮಗ? ಹೋಗ್ರಿ ಆ ಕಡೆ!"

ನಾವಿಬ್ಬರೂ ಅಳುತ್ತ ನಗುತ್ತ ಆ ಕಡೆ ಹೋದೆವು.