ಒದ್ದೆ ರಸ್ತೆಯ ಟೈರು

ರಾತ್ರಿ ಒಂದೂವರೆಯ ಹೊತ್ತಿಗೆ ‘ಸ್‌ಸ್‌ಸ್’ ಎಂಬ ಸಣ್ಣ ಸದ್ದು ಕೇಳಿ ಪ್ರೂಫ್ ರೀಡರಿಗೆ ಎಚ್ಚರವಾಯಿತು. ಅಡುಗೆಮನೆಗೆ ಹೋಗಿ ಗ್ಯಾಸ್ ಸಿಲಿಂಡರಿನ ಬಳಿ ಮೂಗಿಟ್ಟು ನೋಡಿದ. ಬಚ್ಚಲಿನ ನಲ್ಲಿ ತಿರುಗಿಸಿ ನೋಡಿದ. ನಿದ್ದೆಯಲ್ಲಿದ್ದ ಹೆಂಡತಿಯ ಮೇಲೂ ಒಂದು ಕ್ಷಣ ಅನುಮಾನಪಟ್ಟ. ಸದ್ದು ಹೊರಗಿನಿಂದ ಬರುತ್ತಿತ್ತು. ಟಾರ್ಚ್ ಹಿಡಿದು ಕೆಳಗಿಳಿದರೆ, ಅವನ ಕಾರಿನ ಮುಂದಿನ ಎಡಗಡೆಯ ಟೈರು ನಿಟ್ಟುಸಿರು ಬಿಡುತ್ತಾ ಮೆಲ್ಲಗೆ ಕುಸಿಯುತ್ತಿತ್ತು.

ಪಂಕ್ಚರ್ ದೊಡ್ಡ ವಿಷಯವಲ್ಲ. ಆದರೆ ಟಾರ್ಚಿನ ಬೆಳಕು ಉಳಿದ ಮೂರರ ಮೇಲೂ ಬಿತ್ತು. ಅವುಗಳ ಗೆರೆಗಳು ಹಳೆಯ ರಬ್ಬರ್ ಸ್ಟ್ಯಾಂಪಿನ ಅಕ್ಷರಗಳಂತೆ ಸವೆದುಹೋಗಿದ್ದವು. ಮೂರು ದಿನದಿಂದ ಜಿಟಿಜಿಟಿ ಮಳೆ. ಸಂಜೆ ಇದೇ ಕಾರಿನಲ್ಲಿ, ಇದೇ ಟೈರುಗಳ ಮೇಲೆ, ಹೆಂಡತಿಯ ಮೂವತ್ತೊಂದು ಮಣ್ಣಿನ ಪಾತ್ರೆಗಳು ಇಳಿಜಾರಿನ ರಸ್ತೆಯಲ್ಲಿ ಪ್ರದರ್ಶನದ ಹಾಲಿಗೆ ಹೋಗಬೇಕಿತ್ತು.

ಅದು ಅವಳ ಆರು ತಿಂಗಳ ಕೆಲಸ, ಏಳು ವರ್ಷ ಕಾದು ಸಿಕ್ಕ ಮೊದಲ ಪ್ರದರ್ಶನ. ಬಾಡಿಗೆ ವ್ಯಾನಿನವರನ್ನು ಅವಳು ನಂಬುತ್ತಿರಲಿಲ್ಲ. “ನೀವಾದ್ರೆ ಮೂವತ್ತರ ಮೇಲೆ ಓಡ್ಸಲ್ಲ. ನೀವೇ ತಗೊಂಡು ಬನ್ನಿ,” ಎಂದಿದ್ದಳು. ಹತ್ತು ವರ್ಷದ ಸಂಸಾರದಲ್ಲಿ ಅವನ ಗುಣವೊಂದನ್ನು ಅವಳು ಬಾಯಿಬಿಟ್ಟು ಹೊಗಳಿದ್ದು ಅದೇ ಮೊದಲು.

ಬೆಳಿಗ್ಗೆ ಸ್ಟೆಪ್ನಿ ತೆಗೆದರೆ ಅದರಲ್ಲೂ ಗಾಳಿಯಿಲ್ಲ. ಕೆಳಗಿನ ಮನೆಯ ಗೇರ್ ತಾತ ಸೈಕಲ್ ಪಂಪ್ ತಂದುಕೊಟ್ಟರು. ಮೂವತ್ತೆರಡು ವರ್ಷ ಬಸ್ಸು ಓಡಿಸಿ ನಿವೃತ್ತರಾದ ತಾತನಿಗೆ ಈಗ ಓಡಿಸಲು ಉಳಿದಿದ್ದು ಅಕ್ಕಪಕ್ಕದವರು ಮಾತ್ರ. ಪ್ರೂಫ್ ರೀಡರ್ ಪಂಪ್ ಒತ್ತಿದ, ತಾತ ಎಣಿಸಿದರು. ಇನ್ನೂರರ ಹೊತ್ತಿಗೆ ಲೆಕ್ಕ ನಿಲ್ಲಿಸಿ, ಜೇಬಿನಿಂದ ನಾಣ್ಯ ತೆಗೆದು ಹಿಂದಿನ ಟೈರಿನ ಗೆರೆಯಲ್ಲಿ ಸಿಕ್ಕಿಸಲು ನೋಡಿದರು. ಅದು ಜಾರಿ ಚರಂಡಿಗೆ ಬಿತ್ತು.

“ನೋಡಪ್ಪಾ, ನಾಣ್ಯಾನೇ ನಿಲ್ತಿಲ್ಲ. ಇನ್ನು ಕಾರು ನಿಲ್ಲುತ್ತಾ? ಗೆರೆ ಆಳ ಇದ್ರೆ ತಾನೇ ನೀರು ಆಚೆ ಹೋಗೋದು? ನಾಲ್ಕೂ ಬದಲಾಯಿಸು.”

“ಎಂಥದ್ದು ಹಾಕ್ಸಲಿ ತಾತ?”

“ಅದನ್ನ ನಾನು ಹೇಳಬಾರದು. ಆಮೇಲೆ ನನ್ನ ಹೆಸರು ಬರುತ್ತೆ,” ಎಂದ ತಾತ, ಆಮೇಲೆ ಮುಕ್ಕಾಲು ಗಂಟೆ ಹೇಳಿದರು.

ಪ್ರೆಸ್ಸಿನಲ್ಲಿ ಈ ಸುದ್ದಿ ಎತ್ತಬಾರದೆಂದು ಅವನು ಗಟ್ಟಿ ಮನಸ್ಸು ಮಾಡಿದ್ದ. ಆದರೆ ಮಕ್ಕಳ ವಿಜ್ಞಾನ ಪುಸ್ತಕದ ಕರಡಿನಲ್ಲಿ, ಚಂದ್ರನ ಚಿತ್ರದ ಮೇಲೆ, ಅವನ ಕರಿ ಹೆಬ್ಬೆಟ್ಟು ಅಚ್ಚೊತ್ತಿಕೊಂಡಿತ್ತು.

“ಇದ್ಯಾವ ಗುಂಡಿ ಸಾರ್? ಹೊಸದಾಗಿ ಕಂಡುಹಿಡಿದ್ರಾ?” ಎಂದ ಮಷಿನ್ ಮ್ಯಾನ್. ಐದು ನಿಮಿಷದಲ್ಲಿ ವಿಷಯ ಪೂರ್ತಿ ಹೊರಬಿತ್ತು. ಹತ್ತು ನಿಮಿಷದಲ್ಲಿ ಮಷಿನ್ ನಿಂತಿತು.

“ನಮ್ಮ ರೋಲರ್ ನೋಡಿ ಸಾರ್. ಮೆತ್ತಗಿನ ರಬ್ಬರ್ ಹಾಕಿದ್ರೆ ಕಾಗದ ಚೆನ್ನಾಗಿ ಹಿಡಿಯುತ್ತೆ, ವರ್ಷಕ್ಕೇ ಸವೆದುಹೋಗುತ್ತೆ. ಗಟ್ಟಿ ಹಾಕಿದ್ರೆ ನಾಲ್ಕು ವರ್ಷ ಬಾಳುತ್ತೆ, ಆದ್ರೆ ಕಾಗದ ಜಾರುತ್ತೆ. ಟೈರೂ ಅಷ್ಟೇ,” ಎಂದ ಮಷಿನ್ ಮ್ಯಾನ್.

“ಹಾಗಾದ್ರೆ ಎರಡು ಮೆತ್ತಗಿಂದು, ಎರಡು ಗಟ್ಟೀದು ಹಾಕ್ಸಿ. ಯಾರಿಗೂ ಬೇಜಾರಿಲ್ಲ,” ಎಂದಳು ಬೈಂಡಿಂಗ್ ಅಕ್ಕ.

“ಹಾಕ್ಸಿ ಹಾಕ್ಸಿ. ಮುಂದಿನದು ನಿಲ್ಲುತ್ತೆ, ಹಿಂದಿನದು ಮುಂದೆ ಹೋಗುತ್ತೆ. ಅಕ್ಕ, ನೀವು ಅಂಟು ಕಲಸಿ ಸಾಕು.”

ಅಷ್ಟರಲ್ಲಿ ಫೋನು ಬಂತು. ಹೆಂಡತಿಯ ಅಣ್ಣ. ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರು. ಫೋನಿನಲ್ಲಿ ಮಾತಾಡಿದರೂ ಕೇಳುವವರ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು.

“ಟೈರ್ ತಗೋತೀರಂತೆ?”

“ಯಾರು ಹೇಳಿದ್ರು ಭಾವ?”

“ನಿಮ್ಮ ತಾತ. ಕೇಳಿ, ಗಟ್ಟಿ ರಬ್ಬರಿನದೇ ತಗೊಳ್ಳಿ. ನನ್ನದು ನೋಡಿ, ಏಳು ವರ್ಷ ಆಯ್ತು. ಗಾಳಿ ಬಿಟ್ರೆ ಇನ್ನೇನೂ ಕೇಳಿಲ್ಲ. ಟೈರು ಅಂದ್ರೆ ಬಾಳಿಕೆ ಸ್ವಾಮಿ!”

ಮಧ್ಯಾಹ್ನ ರಜೆ ಹಾಕಿ ಟೈರ್ ಅಂಗಡಿಗೆ ಹೋದ. ಅಲ್ಲಿ ಮಂಡಿಯೂರಿ ಕೂತು, ಕನ್ನಡಕ ಮೇಲೇರಿಸಿ, ಟೈರುಗಳ ಪಕ್ಕೆಯ ಮೇಲಿದ್ದುದನ್ನೆಲ್ಲ ಓದತೊಡಗಿದ. ಅಳತೆ, ಭಾರ, ತಯಾರಾದ ವಾರ, ವರ್ಷ. ಒಂದೂ ಬಿಡಲಿಲ್ಲ.

“ಇದು ಮೂರು ವರ್ಷ ಹಳೇದು ಕಣ್ರೀ.”

ಅಂಗಡಿಯವನು ಬೆಪ್ಪಾಗಿ ನಿಂತ. “ಇಪ್ಪತ್ತು ವರ್ಷದಿಂದ ಅಂಗಡಿ ಇಟ್ಟಿದೀನಿ. ಟೈರನ್ನ ಓದಿದವರು ನೀವೇ ಮೊದಲು.” ಮೂರು ವರ್ಷದ್ದನ್ನು ಒಳಗೆ ತಳ್ಳಿ, ಬೇರೆ ಎರಡನ್ನು ಉರುಳಿಸಿಕೊಂಡು ಬಂದ. “ಇದು ಮಳೇಲಿ ಗಟ್ಟಿಯಾಗಿ ಕಚ್ಕೊಳ್ಳುತ್ತೆ, ಆದ್ರೆ ಬೇಗ ಸವೆಯುತ್ತೆ. ಅದು ಬಾಳುತ್ತೆ, ಆದ್ರೆ ಒದ್ದೆ ರಸ್ತೇಲಿ ಸ್ವಲ್ಪ ದೂರ ಹೋಗಿ ನಿಲ್ಲುತ್ತೆ.”

“ಎರಡೂ ಗುಣ ಇರೋದು?”

“ಇದ್ದಿದ್ರೆ ನಾನು ಯಾವತ್ತೋ ಅಂಗಡಿ ಮುಚ್ಚಬೇಕಾಗಿತ್ತು.”

ಫೋನು ಮತ್ತೆ ಬಡಿದುಕೊಂಡಿತು. ಭಾವ. ಪ್ರೂಫ್ ರೀಡರ್ ಅದನ್ನು ನೋಡಿದ, ಮೂವತ್ತೊಂದು ಪಾತ್ರೆಗಳನ್ನು ನೆನೆದ. ಆಮೇಲೆ ಜೀವಮಾನದಲ್ಲಿ ಮಾಡದ ಕೆಲಸವೊಂದನ್ನು ಮಾಡಿದ: ಫೋನನ್ನು ಆಫ್ ಮಾಡಿ, ತಾನೇ ತೀರ್ಮಾನಿಸಿದ. “ಮಳೇದು ಹಾಕಿ. ನಾಲ್ಕೂ.”

ನಾಲ್ಕೂವರೆಗೆ ಭಾವ ಮನೆಗೆ ಬಂದರು. ಹೆಂಡತಿ ಆಗಲೇ ಪ್ರದರ್ಶನದ ಹಾಲಿನಲ್ಲಿದ್ದಳು. ಪಾತ್ರೆ ಇಡುವ ಮರದ ಸ್ಟ್ಯಾಂಡುಗಳು ಭಾವನ ಕಾರಿನಲ್ಲಿ ಹೋಗುವುದೆಂದು ಮಾತಾಗಿತ್ತು. ಹೂಜಿ, ಹೂದಾನಿ, ಬೋಗುಣಿಗಳನ್ನು ರದ್ದಾದ ಕರಡು ಹಾಳೆಗಳಲ್ಲಿ ಸುತ್ತಿ, ಪ್ರೂಫ್ ರೀಡರ್ ಒಂದೊಂದನ್ನೂ ಎಳೆಮಗುವಿನಂತೆ ಡಿಕ್ಕಿಯಲ್ಲಿ ಮಲಗಿಸಿದ. ಭಾವ ಹೊಸ ಟೈರಿಗೆ ಬೂಟುಗಾಲಿನಿಂದ ಒದ್ದು ನೋಡಿದರು.

“ಅಂದ್ರೆ ನನ್ನ ಮಾತು ಕೇಳ್ಲಿಲ್ಲ. ರಬ್ಬರೇನ್ರೀ ಇದು? ಚೂಯಿಂಗ್ ಗಮ್. ಎರಡು ವರ್ಷ ಬಂದ್ರೆ ನನ್ನ ಮೀಸೆ ಬೋಳಿಸ್ಕೋತೀನಿ.”

“ಇವತ್ತು ಸಂಜೆವರೆಗೆ ಬಂದ್ರೆ ಸಾಕು ಭಾವ.”

“ಹಾಂ, ಮಾತು ಮಾತ್ರ ಕಲ್ತಿದೀರಿ. ಎಲ್ಲರ ಮಾತೂ ಕೇಳಿ ಕೊನೆಗೆ ತಪ್ಪನ್ನೇ ಆರಿಸೋದು ಹೇಗೆ ಅಂತ ನಿಮ್ಮನ್ನ ನೋಡಿ ಕಲೀಬೇಕು. ನಡೀರಿ ಮುಂದೆ.”

ಕಾರು ಮೂವತ್ತರ ವೇಗದಲ್ಲಿ ಹೊರಟಿತು. ಹಿಂದೆ ಭಾವನ ಕಾರು, ಬಾಲಕ್ಕೆ ಅಂಟಿದಂತೆ. ಎರಡು ನಿಮಿಷಕ್ಕೊಮ್ಮೆ ಹಾರನ್. ಮಳೆ ಜೋರಾಯಿತು. ಇಳಿಜಾರಿನಲ್ಲಿ ನೀರು ತೆಳ್ಳಗೆ ಹರಿಯುತ್ತಿತ್ತು. ಕೆಳಗೆ, ರಸ್ತೆಯ ತುದಿಯಲ್ಲಿ, ಪ್ರದರ್ಶನದ ಹಾಲಿನ ದೀಪಗಳು ಕಂಡವು.

ಇಳಿಜಾರಿನ ನಡುವೆ ಪ್ರೂಫ್ ರೀಡರನ ಬಲಗಾಲು ಬ್ರೇಕನ್ನು ಬಲವಾಗಿ ಒತ್ತಿತು.

ಕಾರು ನಿಂತಿತು. ಮೊಳೆ ಹೊಡೆದಂತೆ ನಿಂತಿತು. ಡಿಕ್ಕಿಯೊಳಗೆ ಒಂದು ಪಾತ್ರೆಯೂ ಮಿಸುಕಲಿಲ್ಲ. ಒಂದು ಸೆಕೆಂಡಿನ ಕಾಲ ಅವನಷ್ಟು ಸುಖಿ ಆ ಊರಿನಲ್ಲಿ ಯಾರೂ ಇರಲಿಲ್ಲ.

ಮರುಸೆಕೆಂಡಿಗೆ, ಏಳು ವರ್ಷ ಬಾಳಿದ ನಾಲ್ಕು ಟೈರುಗಳ ಮೇಲೆ ಸೋಪಿನ ಬಿಲ್ಲೆಯಂತೆ ಜಾರಿಕೊಂಡು ಬಂದ ಭಾವನ ಕಾರು ಡಿಕ್ಕಿಗೆ ಗುದ್ದಿತು. ಆಮೇಲಿನ ಸದ್ದು ಸ್ವಲ್ಪ ಹೊತ್ತು ಮುಂದುವರಿಯಿತು.

ಭಾವ ಇಳಿದು ಬಂದರು. “ಅಲ್ರೀ, ಹೀಗೆ ನಿಲ್ಲಿಸೋದಾ? ನಾನು ಹೇಳಿದ ಟೈರು ಹಾಕ್ಸಿದ್ರೆ ಇಬ್ರೂ ಒಟ್ಟಿಗೆ ಜಾರ್ಕೊಂಡು ನೆಮ್ಮದಿಯಾಗಿ ಕೆಳಗೆ ಹೋಗಿರ್ತಿದ್ವಿ!”

ಸೇರಿದ್ದ ಜನರಿಗೂ ಈ ಮಾತು ಸರಿಯೆನಿಸಿತು. “ಅದು ನಿಜ. ಯಾಕೆ ಸಾರ್ ಅಷ್ಟು ಜೋರಾಗಿ ನಿಲ್ಲಿಸಿದ್ರಿ?” ಎಂದ ರಸ್ತೆ ಬದಿಯ ಟೈಲರ್.

“ಅದು... ಬೆಕ್ಕು,” ಎಂದ ಪ್ರೂಫ್ ರೀಡರ್.

“ಹೌದ್ಹೌದು, ನಾನೂ ನೋಡ್ದೆ! ಕಂದು ಬಣ್ಣದ್ದು. ಈ ಕಡೆಯಿಂದ ಆ ಕಡೆ ಓಡ್ತು,” ಎಂದ ಟೈಲರ್.

“ಕಂದಲ್ಲ, ಬೂದಿ,” ಭಾವ ತಿದ್ದಿದರು. “ನನ್ನ ಕಣ್ಣಿಗೆ ಮೋಸ ಇಲ್ಲ.”

“ಪಾಪ, ಹೊಟ್ಟೇಲಿ ಮರಿ ಬೇರೆ ಇತ್ತು,” ಎಂದಳು ಔಷಧಿ ಅಂಗಡಿಯಾಕೆ, ಕೊಡೆ ಬಿಚ್ಚುತ್ತಾ.

ಹೆಂಡತಿ ಮಳೆಯಲ್ಲೇ ಓಡಿ ಬಂದಳು. ಡಿಕ್ಕಿ ತೆರೆಯಲು ನಾಲ್ಕು ಜನ ಬೇಕಾಯಿತು. ಮೂವತ್ತೊಂದರಲ್ಲಿ ಒಂದು ಸಣ್ಣ ಬೋಗುಣಿ ಉಳಿದಿತ್ತು. ಅವಳು ಅದನ್ನು ಕೈಯಲ್ಲಿ ಹಿಡಿದು, ಜನ ಹೇಳಿದ ಬೆಕ್ಕಿನ ಕಥೆ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಕೇಳಿದಳು, “ಬೆಕ್ಕಿಗೆ ಏನೂ ಆಗ್ಲಿಲ್ವಾ?”

“ಇಲ್ಲ,” ಎಂದ. ಅದಂತೂ ನಿಜವೇ.

“ಹೋಗ್ಲಿ ಬಿಡಿ. ಮಣ್ಣು ಮತ್ತೆ ಕಲಸಬಹುದು. ಬೇರೆ ಯಾರಾದ್ರೂ ಆಗಿದ್ರೆ ಹಾಯಿಸ್ಕೊಂಡು ಹೋಗ್ತಿದ್ರು.” ಅವಳು ಅವನ ಕೈ ಹಿಡಿದಳು. ಜನರೆದುರಿಗೆ ಹಿಡಿದದ್ದು ಅದೇ ಮೊದಲು.

ಆರು ಗಂಟೆಗೆ ಪ್ರದರ್ಶನ ಶುರುವಾಯಿತು. ಹೆಂಡತಿ ಸ್ಟ್ಯಾಂಡುಗಳ ಮೇಲೆ ಚೂರುಗಳನ್ನೇ ಹರಡಿ, ನಡುವೆ ಬೋಗುಣಿ ಇಟ್ಟಿದ್ದಳು. ಜನ ಸುತ್ತ ನಿಂತು ಕಣ್ಣೊರೆಸಿಕೊಂಡರು. ನಡೆದದ್ದನ್ನು ಬಂದವರಿಗೆಲ್ಲ ವಿವರಿಸಲು ಪ್ರೂಫ್ ರೀಡರ್ ಪ್ರದರ್ಶನದ ಹತ್ತು ದಿನವೂ ಅಲ್ಲೇ ಇರಬೇಕೆಂದು ವ್ಯವಸ್ಥಾಪಕರು ಕೇಳಿಕೊಂಡರು. ಪ್ರೆಸ್ಸಿನಲ್ಲಿ ಅವನಿಗೆ ಉಳಿದಿದ್ದ ರಜೆ ಸರಿಯಾಗಿ ಹತ್ತು ದಿನ.

ಹೆಂಡತಿ ಒಂದು ಕಾರ್ಡು ಬರೆದು ತಂದಳು. “ತಪ್ಪೇನಾದ್ರೂ ಇದ್ಯಾ, ಒಂದ್ಸಲ ನೋಡ್ಬಿಡಿ.”

‘ಒಂದು ಬೆಕ್ಕಿನ ಜೀವ ಉಳಿಸಲು ಒಡೆದ ಮೂವತ್ತು ಪಾತ್ರೆಗಳು.’

ಅವನು ಅದನ್ನು ಎರಡು ಸಲ ಓದಿದ. ಅಕ್ಷರ ಸರಿ, ಒತ್ತು ಸರಿ, ಲೆಕ್ಕವೂ ಸರಿ. ಇದ್ದದ್ದು ಒಂದೇ ತಪ್ಪು. ಇಳಿಜಾರಿನಲ್ಲಿ ಬೆಕ್ಕೇ ಇರಲಿಲ್ಲ. ರಸ್ತೆ ಆ ತುದಿಯವರೆಗೂ ಖಾಲಿಯಿತ್ತು. ತಾನೊಬ್ಬನೇ ನಿಂತು ಆರಿಸಿದ ಟೈರು ಸರಿಯೋ ತಪ್ಪೋ, ಒಂದೇ ಒಂದು ಸಲ ನೋಡಿಬಿಡೋಣ ಎಂದು ಅವನು ಬ್ರೇಕ್ ಒತ್ತಿದ್ದ.

ಆಚೆ ಭಾವ ಯಾರಿಗೋ ಬೆಕ್ಕಿನ ಬಾಲದ ಉದ್ದವನ್ನು ಎರಡೂ ಕೈ ಚಾಚಿ ತೋರಿಸುತ್ತಿದ್ದರು. ಹೆಂಡತಿ ಕಾಯುತ್ತಿದ್ದಳು.

“ಸರಿಯಾಗಿದೆ,” ಎಂದು ಅವನು ಕಾರ್ಡನ್ನು ಹಿಂದಕ್ಕೆ ಕೊಟ್ಟ. ಈ ಒಂದು ತಪ್ಪನ್ನು ಯಾರಿಗೂ, ಎಂದಿಗೂ ತೋರಿಸಬಾರದೆಂದು ಆ ಗಳಿಗೆಯಲ್ಲೇ ನಿಶ್ಚಯಿಸಿಕೊಂಡ.