ಅಂದು ಬಾರದ ಕೊನೆಯ ರೀಲಿಗೆ

ಮಾನ್ಯ ಕೊನೆಯ ರೀಲು ಅವರೇ,

ಧೂಳು, ತುಕ್ಕು, ಇಲಿಗಳ ಕಾಟ ಎಲ್ಲದರಿಂದ ಪಾರಾಗಿ, ಹೊಸ ಬಣ್ಣ ಬಳಿಸಿಕೊಂಡು ತಾವು ಮತ್ತೆ ತೆರೆಗೆ ಬರುತ್ತಿರುವ ಸುದ್ದಿಯನ್ನು ನಮ್ಮ ಬೀದಿಯ ಪೋಸ್ಟರಿನಲ್ಲಿ ಓದಿ ನಾನು ಸಂತೋಷಪಡಬೇಕಾಗಿತ್ತು. ಆಗಲಿಲ್ಲ. ಅದರ ಕಾರಣವನ್ನು ಸವಿನಯವಾಗಿ ನಿವೇದಿಸಿಕೊಳ್ಳಲು ಈ ಪತ್ರ.

ನಾನು ಗಡಿಯಾರ ರಿಪೇರಿಯವನು. ತಡವಾಗಿ ನಡೆಯುವವರನ್ನು ದಿನವೂ ಬಿಚ್ಚಿ, ಒರೆಸಿ, ಸರಿಪಡಿಸಿ ಕಳಿಸುತ್ತೇನೆ. ಆದರೆ ನೋಡುಗನ ತಲೆ ನರೆತ ಮೇಲೆ ಬಂದು ನಿಲ್ಲುವಷ್ಟು ತಡ ಮಾಡಿದವರನ್ನು ಕಂಡದ್ದು ಇದೇ ಮೊದಲು.

ತಮಗೆ ನೆನಪಿರಬಹುದು. ಉರ್ದು ಪ್ರೇಮಕಾವ್ಯವೊಂದನ್ನು ಆಧರಿಸಿದ ತಮ್ಮ ಚಿತ್ರದ ಒಂದೇ ಪ್ರತಿ ಆಗ ಊರಿನ ಎರಡು ಟಾಕೀಸುಗಳಲ್ಲಿ ಓಡುತ್ತಿತ್ತು. ಒಂದರಲ್ಲಿ ಮುಗಿದ ರೀಲನ್ನು ಒಬ್ಬ ಆಸಾಮಿ ಸೈಕಲ್ಲಿಗೆ ಕಟ್ಟಿಕೊಂಡು ಇನ್ನೊಂದಕ್ಕೆ ತರುತ್ತಿದ್ದ. ನನ್ನನ್ನು ಮದುವೆಯಾಗಲೋ ಬೇಡವೋ ಎಂದು ಮೀನಮೇಷ ಎಣಿಸುತ್ತಿದ್ದ ಹುಡುಗಿಯನ್ನು, ಅವಳ ಅಣ್ಣನನ್ನು ಕಾಡಿ ಬೇಡಿ, ಆ ಸಂಜೆ ಸಿನಿಮಾಕ್ಕೆ ಕರೆದೊಯ್ದಿದ್ದೆ. ಇಬ್ಬರಿಗೂ ಉರ್ದು ಅಷ್ಟಕ್ಕಷ್ಟೇ. ನಾಯಕಿ ಮಹಡಿಯ ಮೇಲೆ ಹಾಡಿದಳು, ನಾಯಕ ಕೆಳಗೆ ನಿಂತು ಹಾಡಿದ, ಬೇಡವೆಂದ ಅಪ್ಪನೂ ಹಾಡಿದ, ಕೊನೆಗೆ ಎಲ್ಲರೂ ಸೇರಿ ಹಾಡುತ್ತಾ ಮದುವೆ ನಡೆಯಿತು. ಅಷ್ಟರಲ್ಲಿ ಸೈಕಲ್ಲು ಪಂಕ್ಚರ್ ಆಗಿ ತಾವು ದಾರಿಯಲ್ಲೇ ಉಳಿದಿರಿ. ಕಾದು ಬೇಸತ್ತ ಮ್ಯಾನೇಜರು ದೀಪ ಹಾಕಿಸಿ, ಬಾಯಿಮಾತಿನಲ್ಲೇ ‘ಶುಭಂ’ ಎಂದು ಸಾರಿ, ಜನರನ್ನು ಮನೆಗೆ ಕಳಿಸಿದರು. ಆ ವಾರದಲ್ಲೇ ಅವಳು ಒಪ್ಪಿದಳು. ಇಂದಿಗೂ ಬಟ್ಟೆಗೆ ಇಸ್ತ್ರಿ ಹಾಕುವಾಗ ಅವಳ ಬಾಯಲ್ಲಿ ಆ ಮದುವೆಯ ಹಾಡೇ.

ಈಗ ಪೋಸ್ಟರು ‘ಕಣ್ಣೀರಿನ ಮೂಲ ಅಂತ್ಯದೊಂದಿಗೆ’ ಎನ್ನುತ್ತಿದೆ. ಟಿಕೆಟ್ ಕೊಡುವವನನ್ನು ಕೇಳಿದರೆ, ಆ ಮದುವೆ ನಾಯಕ ಕಂಡ ಬರೀ ಕನಸಂತೆ. ತಮ್ಮ ಪಾಲಿನ ಕತೆಯಲ್ಲಿ ನಾಯಕ ನಾಯಕಿ ಇಬ್ಬರೂ ಕೈಹಿಡಿದು ನದಿಗೆ ಇಳಿಯುತ್ತಾರಂತೆ! ಎಂಥ ಕಾವ್ಯ, ಎಂಥ ಕವಿ! ಅಷ್ಟೆಲ್ಲ ಹಾಡಿಸಿ ಮುಳುಗಿಸುವ ಔದಾರ್ಯ ಎಲ್ಲರಿಗೂ ಬರುವಂಥದ್ದಲ್ಲ. ನನ್ನ ಸಂಸಾರ ನಿಂತಿರುವುದು ಮಾತ್ರ ಆ ಕನಸಿನ ಮೇಲೆ. ನನ್ನವಳು ಭಾನುವಾರಕ್ಕೆ ಟಿಕೆಟ್ ತಂದಿಟ್ಟಿದ್ದಾಳೆ.

ಆದ್ದರಿಂದ ತಾವು ದಯಮಾಡಿ ಮತ್ತೊಮ್ಮೆ ಪಂಕ್ಚರ್ ಆಗಬೇಕು. ಮೊಳೆ ನಾನೇ ಕೊಡುತ್ತೇನೆ, ಇಂದಿನ ಯಂತ್ರಗಳಿಗೆ ಟೈರು ಎಲ್ಲಿರುತ್ತದೆಂದು ತಿಳಿಸಿದರೆ ಸಾಕು. ಅದಾಗದಿದ್ದರೆ ಇಬ್ಬರಿಗೂ ಈಜು ಕಲಿಸಬೇಕು. ಅದೂ ಆಗದಿದ್ದರೆ ನದಿಯನ್ನು ಮೊಣಕಾಲಿನ ಮಟ್ಟಕ್ಕಿಳಿಸಿ, ನೆಗಡಿಯೊಂದಿಗೆ ಕತೆ ಮುಗಿಸಬೇಕು. ತಮಾಷೆ ಮಾಡುತ್ತಿದ್ದೇನೆ, ಆದರೆ ನನಗೆ ನಿಜಕ್ಕೂ ಭಯವಾಗಿದೆ. ಸುಖಾಂತ್ಯ ನೋಡಿ ನನ್ನನ್ನು ಒಪ್ಪಿದವಳು ದೀಪ ಹತ್ತಿದಾಗ ನನ್ನತ್ತ ತಿರುಗಿದರೆ ನಾನು ಏನು ಹೇಳಲಿ?

ತಮ್ಮ ದಾರಿಯನ್ನು ಎಂದೂ ಕಾಯದ, ಆದರೂ ತಮ್ಮ ವಿಶ್ವಾಸಿ,
ಗಡಿಯಾರದಂಗಡಿಯವನು

ಮರೆತ ಮಾತು: ಈ ಪತ್ರವನ್ನು ನನ್ನವಳು ಹಿಂದೆ ನಿಂತು ಓದಿಬಿಟ್ಟಳು. “ಮಾರನೇ ದಿನಾನೇ ಅಕ್ಕನ ಜೊತೆ ಹೋಗಿ ಪೂರ್ತಿ ನೋಡಿದ್ದೆ ಕಣ್ರೀ. ಅಷ್ಟು ಚೆನ್ನಾಗಿ ಹಾಡಿ ಹೊಳೆಗೆ ಹಾರೋನ್ನ ಕಟ್ಕೊಂಡು ಏನ್ಮಾಡ್ಲಿ? ನೀವು ಹಿಂದಿನ ರಾತ್ರಿ ಏನೂ ಹಾಡ್ದೆ ಮನೆತನಕ ಬಿಟ್ಟು, ಒಳಗಿಂದ ಚಿಲಕ ಹಾಕ್ಕೋ ಅಂದು ಹೋದ್ರಿ. ಅದೇ ಸಾಕು ಅನ್ನಿಸ್ತು” ಎಂದಳು. ಇಷ್ಟು ವರ್ಷ ನಾನು ಪಂಕ್ಚರಿಗೆ ಸಲ್ಲಿಸಿದ ಕೃತಜ್ಞತೆಯೆಲ್ಲ ತಮಗೆ ಸಲ್ಲಬೇಕಿತ್ತೆಂದು ತಿಳಿದು ಮೈಯೆಲ್ಲ ಉರಿಯುತ್ತಿದೆ. ಭಾನುವಾರ ದಯಮಾಡಿಸಿ. ಅವಳು ಎರಡು ಕರವಸ್ತ್ರ ಇಸ್ತ್ರಿ ಮಾಡಿಟ್ಟಿದ್ದಾಳೆ, ಎರಡೂ ನನಗಂತೆ.